ಕುಲನಾಮಗಳು ಬರುವ ಮೊದಲು ಒಂದೇ ಹೆಸರಿನ ಇಬ್ಬರನ್ನು ಹೇಗೆ ಗುರುತಿಸುತ್ತಿದ್ದರು?

ಕುತೂಹಲಿ:

ಕೆಲವು ದಿನಗಳಿಂದ ಒಂದು ಪ್ರಶ್ನೆ ತಲೆ ಕೊರೆಯುತ್ತಿದೆ. ತಿಳಿದವರು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ. 1431ರ ಫೆಬ್ರುವರಿ 21ರಂದು ಫ್ರಾನ್ಸಿನ ರೂಆನ್ ನಗರದಲ್ಲಿ, ಇಂಗ್ಲಿಷರ ವಿರುದ್ಧ ಫ್ರೆಂಚ್ ಸೈನ್ಯದ ಜೊತೆ ಹೋರಾಡಿದ ಜೋನ್ ಆಫ್ ಆರ್ಕ್‌ಳ ಬಹಿರಂಗ ವಿಚಾರಣೆ ಆರಂಭವಾದಾಗ ನ್ಯಾಯಪೀಠದವರು ಮೊದಲು ಕೇಳಿದ್ದು ಅವಳ ಹೆಸರನ್ನು. ತನ್ನ ಸೀಮೆಯಲ್ಲಿ ತನ್ನನ್ನು ಝಾನೆಟ್ ಎನ್ನುತ್ತಿದ್ದರು, ಫ್ರಾನ್ಸಿಗೆ ಬಂದ ಮೇಲೆ ಝಾನ್ ಎನ್ನತೊಡಗಿದರು, ಅಡ್ಡಹೆಸರಿನ ವಿಚಾರ ತನಗೇನೂ ತಿಳಿಯದು ಎಂದು ಅವಳು ಉತ್ತರಿಸಿದಳು. ಒಂದು ತಿಂಗಳ ನಂತರ, ಮಾರ್ಚ್ 24ರಂದು, ತನ್ನ ಹೇಳಿಕೆಗಳನ್ನು ಓದಿ ಹೇಳಿದಾಗ, ತನ್ನ ಅಡ್ಡಹೆಸರು ದಾರ್ಕ್ ಅಥವಾ ರೊಮೇ ಎಂದೂ ತನ್ನ ಸೀಮೆಯಲ್ಲಿ ಹೆಣ್ಣುಮಕ್ಕಳು ತಾಯಿಯ ಅಡ್ಡಹೆಸರನ್ನು ಹೊರುತ್ತಾರೆಂದೂ ಸೇರಿಸಿದಳು.

ಪಂಡಿತರ ದೊಡ್ಡ ಗುಂಪಿನ ಎದುರು ಒಂದೊಂದು ಮಾತನ್ನೂ ತೂಗಿ ಆಡಿದ ಹೆಣ್ಣುಮಗಳಿಗೆ ತನ್ನ ಮನೆತನದ ಹೆಸರು ತಿಳಿಯದೆಂದರೆ ಏನರ್ಥ? ತಿಳಿಯದಿರುವುದಕ್ಕೂ ‘ಇದು ಅಥವಾ ಅದು’ ಎನ್ನುವುದಕ್ಕೂ ನಡುವೆ ಏನಾಯಿತು? ಅದಕ್ಕಿಂತ ದೊಡ್ಡ ಪ್ರಶ್ನೆಯೆಂದರೆ, ಕುಲನಾಮವೇ ಇಲ್ಲದ ಕಾಲದಲ್ಲಿ, ಒಂದೇ ಹೆಸರಿನ ಹತ್ತು ಜನರಿರುವ ಕಡೆ, ಸಾಲ ಕೊಟ್ಟವನು ಸಾಲಗಾರನನ್ನೂ ಕಂದಾಯ ಎತ್ತುವವನು ಕಂದಾಯ ಕೊಡಬೇಕಾದವನನ್ನೂ ಹೇಗೆ ಗುರುತು ಹಿಡಿಯುತ್ತಿದ್ದರು?

ಹಳೆಯಕಡತ:

ಉತ್ತರದ ಅರ್ಧಭಾಗ ನಿಮ್ಮ ಪ್ರಶ್ನೆಯಲ್ಲೇ ಇದೆ. ‘ಅಡ್ಡಹೆಸರು’ ಎಂಬ ನಮ್ಮ ಮಾತನ್ನೇ ನೋಡಿ. ಮನೆತನದಿಂದ ಬಂದ ಹೆಸರಿಗೂ ಅದೇ ಮಾತು, ಗೆಳೆಯರು ಕೀಟಲೆಗೆ ಕಟ್ಟಿದ ಹೆಸರಿಗೂ ಅದೇ ಮಾತು. ಇಂಗ್ಲಿಷಿನ ‘ಸರ್‌ನೇಮ್’ ಕೂಡ ಮೂಲದಲ್ಲಿ ಇಟ್ಟ ಹೆಸರಿನ ಮೇಲೆ ಸೇರಿದ ಇನ್ನೊಂದು ಹೆಸರು ಎಂಬಷ್ಟೇ ಅರ್ಥದ್ದು. ವಂಶದ ಸುಳಿವು ಅದರಲ್ಲಿಲ್ಲ. ಭಾಷೆಗಳು ಇವೆರಡನ್ನೂ ಒಂದೇ ಗೂಟಕ್ಕೆ ಕಟ್ಟಿರುವುದು ಆಕಸ್ಮಿಕವಲ್ಲ. ಬಹುಕಾಲ ಎರಡೂ ಒಂದೇ ಆಗಿದ್ದವು.

ಕುಲನಾಮವನ್ನು ವ್ಯಕ್ತಿಯ ಸ್ವತ್ತೆಂದು ಇಂದು ನಾವು ಭಾವಿಸುತ್ತೇವೆ. ಹಿಂದಿನ ಎರಡನೆಯ ಹೆಸರು ಹೊತ್ತವನ ಸ್ವತ್ತಾಗಿರಲಿಲ್ಲ, ಕರೆಯುವವರ ಸ್ವತ್ತಾಗಿತ್ತು. ‘ಯಾವ ರಾಬರ್ಟ್?’ ಎಂದು ಯಾರಾದರೂ ಕೇಳಿದಾಗ ಮಾತ್ರ ಅದು ಹುಟ್ಟುತ್ತಿತ್ತು, ಮತ್ತು ಕೇಳಿದವರಿಗೆ ತಕ್ಕಂತೆ ಉತ್ತರ ಬದಲಾಗುತ್ತಿತ್ತು. ಅವನ ತಂದೆಯನ್ನು ಬಲ್ಲವರಿಗೆ ಅವನು ಜಾನನ ಮಗ ರಾಬರ್ಟ್. ಅವನ ಅಂಗಡಿ ಬಲ್ಲವರಿಗೆ ಕಮ್ಮಾರ ರಾಬರ್ಟ್. ಬೇರೆ ಊರಿಗೆ ಹೋದರೆ ಬಿಟ್ಟುಬಂದ ಊರಿನ ಹೆಸರಿನ ರಾಬರ್ಟ್. ಸ್ವಂತ ಊರಿನಲ್ಲಿ ಊರಿನ ಹೆಸರಿನಿಂದ ಯಾರನ್ನೂ ಗುರುತಿಸಲಾಗದು, ಏಕೆಂದರೆ ಅಲ್ಲಿ ಎಲ್ಲರೂ ಆ ಊರಿನವರೇ. ಆದ್ದರಿಂದ ಊರಿನ ಹೆಸರು ಹೊತ್ತ ಮನೆತನ ಸಾಮಾನ್ಯವಾಗಿ ಆ ಊರನ್ನು ಬಿಟ್ಟ ಮನೆತನವೆಂದು ತಿಳಿಯಬೇಕು.

ಹಾಗಾದರೆ ಈ ಕರೆಯುವ ಹೆಸರು ಕುಲನಾಮವಾಗುವುದು ಯಾವಾಗ? ನನ್ನ ಮಟ್ಟಿಗೆ ಇದಕ್ಕೆ ಒಂದೇ ಒರೆಗಲ್ಲಿದೆ: ವಿವರಣೆ ಸುಳ್ಳಾದ ಮೇಲೂ ಹೆಸರು ಉಳಿದುಕೊಂಡರೆ ಅದು ಕುಲನಾಮ. ಕಮ್ಮಾರನ ಮಗನೂ ಕಮ್ಮಾರನಾಗಿ ಕಮ್ಮಾರನೆಂದೇ ಕರೆಸಿಕೊಂಡರೆ ಅದು ವಂಶದ ಹೆಸರೋ ಕಸುಬಿನ ಹೆಸರೋ ಹೇಳಲಾಗದು. ಮೊಮ್ಮಗ ದರ್ಜಿಯಾದ ಮೇಲೂ ಜನ ಅವನನ್ನು ಕಮ್ಮಾರನೆಂದೇ ಕರೆದರೆ ಅನುಮಾನಕ್ಕೆ ಎಡೆಯಿಲ್ಲ. ಹದಿನಾಲ್ಕನೆಯ ಶತಮಾನದ ಕವಿ ಜೆಫ್ರಿ ಚಾಸರನ ಹೆಸರು ಪಾದರಕ್ಷೆ, ಕಾಲುಚೀಲ ಮಾಡುವವನ ಕಸುಬಿನಿಂದ ಬಂದದ್ದು; ಅವನ ತಂದೆ ಮಾರುತ್ತಿದ್ದದ್ದು ದ್ರಾಕ್ಷಾರಸವನ್ನು. 1379ರ ಇಂಗ್ಲೆಂಡಿನ ತಲೆಗಂದಾಯದ ಪಟ್ಟಿಗಳಲ್ಲಿ ಕೆಲವೆಡೆ ಹೆಸರಿನ ಪಕ್ಕದಲ್ಲಿ ಕಸುಬನ್ನೂ ಬರೆದಿರುವುದರಿಂದ, ಹೆಸರಿನೊಳಗಿನ ಕಸುಬು ಒಂದು, ಮಾಡುವ ಕಸುಬು ಮತ್ತೊಂದು ಆಗಿರುವವರು ಅಲ್ಲಿ ಸಿಗುತ್ತಾರೆ. ಕುಲನಾಮ ಗಟ್ಟಿಯಾಗುತ್ತಿರುವುದನ್ನು ಕಣ್ಣಾರೆ ಕಾಣಬಹುದಾದ ಜಾಗ ಅದು.

ಸಂದೇಹಿ:

ಒರೆಗಲ್ಲು ಚೆನ್ನಾಗಿದೆ, ಆದರೆ ‘ಯಾವ ರಾಬರ್ಟ್?’ ಎಂಬ ಪ್ರಶ್ನೆ ಏಕೆ ಹುಟ್ಟಿತೆಂಬುದನ್ನು ನೀವು ಹೇಳಲಿಲ್ಲ. ಜನಸಂಖ್ಯೆ ಹೆಚ್ಚಿತು, ಹೆಸರುಗಳು ಸಾಲಲಿಲ್ಲ ಎಂಬ ಸಿದ್ಧ ಉತ್ತರವನ್ನು ದಯವಿಟ್ಟು ಕೊಡಬೇಡಿ. ಹೆಸರು ಹೊಲದಲ್ಲಿ ಬೆಳೆಯುವ ಧಾನ್ಯವಲ್ಲ. ಬೇಕಾದಷ್ಟು ಹೊಸದನ್ನು ಕಟ್ಟಿಕೊಳ್ಳಬಹುದು.

ಹಳೆಯಕಡತ:

ಒಪ್ಪುತ್ತೇನೆ. ಇಂಗ್ಲೆಂಡಿನಲ್ಲಿ ಆಗಿದ್ದು ಜನ ಹೆಚ್ಚಿದ್ದಕ್ಕಿಂತ ಹೆಸರು ಕಡಿಮೆಯಾದದ್ದು. 1066ಕ್ಕೆ ಮೊದಲು ಅಲ್ಲಿನವರು ಎರಡು ತುಂಡುಗಳನ್ನು ಜೋಡಿಸಿ ಹೆಸರು ಕಟ್ಟುತ್ತಿದ್ದರು: ಎಥೆಲ್‌ಸ್ಟನ್, ವುಲ್ಫ್‌ಸ್ಟನ್, ಎಥೆಲ್‌ರೆಡ್ ಹೀಗೆ. ತುಂಡುಗಳನ್ನು ಅದಲುಬದಲು ಮಾಡುತ್ತ ಹೋದರೆ ಹೆಸರುಗಳಿಗೆ ಕೊರತೆಯೇ ಇರಲಿಲ್ಲ, ಹಾಗಾಗಿ ಒಂದೇ ಹೆಸರು ಬಹುಮಟ್ಟಿಗೆ ಸಾಕಾಗುತ್ತಿತ್ತು. ಆ ವರ್ಷ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಗೆದ್ದ ಮೇಲೆ ಎರಡು ಮೂರು ತಲೆಮಾರುಗಳಲ್ಲಿ ಆ ಹೆಸರುಗಳೆಲ್ಲ ಹಿಂದೆ ಸರಿದು, ವಿಲಿಯಂ, ರಾಬರ್ಟ್, ರಿಚರ್ಡ್, ಜಾನ್, ಥಾಮಸ್ ಎಂಬ ಬೆರಳೆಣಿಕೆಯ ಹೆಸರುಗಳೇ ಗಂಡಸರಲ್ಲಿ ಹೆಚ್ಚಿನವರನ್ನು ಆವರಿಸಿಬಿಟ್ಟವು. ದೊರೆಯ ಹೆಸರು, ಒಡೆಯನ ಹೆಸರು, ಸಂತನ ಹೆಸರು ಮಗನಿಗಿಡುವ ಆಸೆಯೇ ಗೊಂದಲಕ್ಕೆ ಬೀಜವಾಯಿತು.

ಆ ಗೊಂದಲವನ್ನು ಜನ ಮೊದಲು ನಿಭಾಯಿಸಿದ್ದು ಮುದ್ದುಹೆಸರುಗಳಿಂದ. ರಾಬರ್ಟ್‌ನಿಂದ ರಾಬ್, ಹಾಬ್, ಡಾಬ್. ರಿಚರ್ಡ್‌ನಿಂದ ಡಿಕ್, ಹಿಕ್. ಇಂದಿನ ರಾಬ್‌ಸನ್, ಹಾಬ್‌ಸನ್, ಡಾಬ್‌ಸನ್ ಎಂಬ ಮೂರು ಕುಲನಾಮಗಳ ಹಿಂದೆಯೂ ನಿಂತಿರುವುದು ರಾಬರ್ಟ್ ಎಂಬ ಒಂದೇ ಹೆಸರು. ಹಾಗೆಯೇ ನೆಯ್ದ ಉಣ್ಣೆಬಟ್ಟೆಯನ್ನು ನೀರಿನಲ್ಲಿ ತುಳಿದು ದಟ್ಟಗೊಳಿಸುವ ಒಂದೇ ಕೆಲಸಕ್ಕೆ ಬೇರೆ ಬೇರೆ ಸೀಮೆಗಳಲ್ಲಿ ಬೇರೆ ಬೇರೆ ಮಾತಿದ್ದುದರಿಂದ ಫುಲ್ಲರ್, ವಾಕರ್, ಟಕ್ಕರ್ ಎಂಬ ಮೂರು ಮನೆತನಗಳು ಹುಟ್ಟಿದವು.

ಅಪತ್ಯಪ್ರತ್ಯಯ:

ತಂದೆಯ ಹೆಸರಿನಿಂದ ಮಗನನ್ನು ಕರೆಯುವ ಕ್ರಮ ಎಲ್ಲ ಕಡೆ ಇದ್ದದ್ದೇ. ಆದರೆ ಅದನ್ನು ವ್ಯಾಕರಣದ ಸೂತ್ರಗಳಲ್ಲಿ ಪಾಣಿನಿಯಷ್ಟು ಸೂಕ್ಷ್ಮವಾಗಿ ಹಿಡಿದಿಟ್ಟವರು ಅಪರೂಪ ಎಂದು ನನ್ನ ಭಾವನೆ. ದಶರಥನ ಮಗ ದಾಶರಥಿ, ಪಾಂಡುವಿನ ಮಕ್ಕಳು ಪಾಂಡವರು ಎಂಬಷ್ಟನ್ನು ನಾವೆಲ್ಲರೂ ಶಾಲೆಯಲ್ಲೇ ಕಲಿತಿರುತ್ತೇವೆ. ಪಾಣಿನಿ ಅಲ್ಲಿಗೆ ನಿಲ್ಲುವುದಿಲ್ಲ. ಮೊಮ್ಮಗನಿಂದ ಮುಂದಿನ ಸಂತತಿಗೆ ‘ಗೋತ್ರ’ ಎಂಬ ಸಂಜ್ಞೆಯನ್ನು ಕೊಡುತ್ತಾನೆ. ಗರ್ಗನ ವಂಶದಲ್ಲಿ ಹುಟ್ಟಿದವನು ಗಾರ್ಗ್ಯ. ಆದರೆ ವಂಶದ ಹಿರಿಯನೊಬ್ಬ ಇನ್ನೂ ಬದುಕಿದ್ದರೆ ಕಿರಿಯನಿಗೆ ಆ ಹೆಸರು ಸಲ್ಲದು. ಅವನು ‘ಯುವ’ ಎನಿಸಿಕೊಂಡು ಗಾರ್ಗ್ಯಾಯಣನಾಗುತ್ತಾನೆ. ಹಿರಿಯ ತೀರಿಕೊಂಡ ದಿನ ಅವನ ಹೆಸರೂ ಬದಲಾಗಬೇಕು.

ಹಳೆಯಕಡತ ಅವರ ಒರೆಗಲ್ಲಿಗೆ ಇದನ್ನು ಉಜ್ಜಿ ನೋಡಿದರೆ ಸ್ವಾರಸ್ಯವಿದೆ. ಇಲ್ಲಿ ಹೆಸರು ವಂಶದಿಂದಲೇ ಬರುತ್ತದೆ, ಹಲವು ತಲೆಮಾರುಗಳನ್ನು ದಾಟುತ್ತದೆ. ಆದರೂ ಒಂದೇ ಮನುಷ್ಯನ ಬಾಳಿನಲ್ಲಿ ಸ್ಥಿರವಾಗಿ ನಿಲ್ಲುವುದಿಲ್ಲ. ಮನೆಯೊಳಗೆ ಯಾರು ಹಿರಿಯರು ಎಂಬುದನ್ನು ಹೇಳುವ ಕೆಲಸವನ್ನೂ ಅದು ಹೊತ್ತಿದೆ. ಕುಲನಾಮ ಇದೆ ಅಥವಾ ಇಲ್ಲ ಎಂಬ ಎರಡೇ ಖಾನೆಗಳಲ್ಲಿ ಇದನ್ನು ತುಂಬಲಾಗದು.

ತಾಯಿಯ ಹೆಸರಿನ ವಿಷಯಕ್ಕೆ ಬಂದರೆ, ಜೋನಳ ಸೀಮೆ ಒಂಟಿಯಲ್ಲ. ಕ್ರಿಸ್ತಶಕದ ಎರಡನೆಯ ಶತಮಾನದ ಶಾತವಾಹನ ದೊರೆಗಳು ಗೌತಮೀಪುತ್ರ ಶಾತಕರ್ಣಿ, ವಾಸಿಷ್ಠೀಪುತ್ರ ಪುಲುಮಾವಿ ಎಂದು ಶಾಸನಗಳಲ್ಲೂ ನಾಣ್ಯಗಳಲ್ಲೂ ಬರೆಸಿಕೊಂಡಿದ್ದಾರೆ. ಪಟ್ಟ ಮಾತ್ರ ತಂದೆಯಿಂದ ಮಗನಿಗೆ ಹೋಗುತ್ತಿತ್ತು. ಶಾತಕರ್ಣಿ ಎಂಬ ಹೆಸರಿನ ದೊರೆಗಳು ಆ ವಂಶದಲ್ಲಿ ಹಲವರಿರುವಾಗ ತಂದೆಯ ಹೆಸರು ಹೇಳಿದರೆ ಗೊಂದಲ ಕಳೆಯುವ ಬದಲು ಹೆಚ್ಚಾಗಬಹುದು. ಗೌತಮಿಯ ಮಗ ಎಂದರೆ ಗುರುತು ಸಿಕ್ಕಿತು. ಬುದ್ಧನ ಶಿಷ್ಯ ಶಾರಿಪುತ್ರನ ಹೆಸರಿನಲ್ಲಿರುವ ಶಾರಿಯೂ ಅವನ ತಾಯಿಯೇ.

ಸಂದೇಹಿ:

ನಾನೊಂದು ತೊಡಕನ್ನು ಮುಂದಿಡುತ್ತೇನೆ. ಕುಲನಾಮ ಇಲ್ಲದಿದ್ದ ಕಾಲ, ಬಂದ ಕಾಲ ಎಂದು ಇತಿಹಾಸವನ್ನು ಒಂದೇ ಗೆರೆಯಿಂದ ಇಬ್ಭಾಗ ಮಾಡಬಹುದೆಂದು ಈ ಚರ್ಚೆ ಮೊದಲಿನಿಂದಲೂ ನಂಬಿದಂತಿದೆ. ರೋಮನ್ನರನ್ನು ಏನು ಮಾಡುತ್ತೀರಿ? ಮಾರ್ಕಸ್ ಟುಲ್ಲಿಯಸ್ ಸಿಸೆರೊ ಎಂಬಲ್ಲಿ ಟುಲ್ಲಿಯಸ್ ಅಪ್ಪಟ ಕುಲನಾಮ. ತಂದೆಯಿಂದ ಮಗನಿಗೆ ಇಳಿದು ಬಂದದ್ದು. ಸಿಸೆರೊ ಎಂಬುದು ಕಡಲೆಕಾಳಿನ ಹೆಸರಿನಿಂದ ಬಂದ ಅಡ್ಡಹೆಸರು, ಅದೂ ಅವನಿಗೆ ಪೂರ್ವಜರಿಂದಲೇ ಬಂದಿತ್ತು. ಅವರಲ್ಲಿ ಇಟ್ಟ ಹೆಸರುಗಳೇ ಬಡವಾಗಿದ್ದವು. ಗಣರಾಜ್ಯದ ಕೊನೆಯ ದಿನಗಳಲ್ಲಿ ಸಾಮಾನ್ಯ ಬಳಕೆಯಲ್ಲಿದ್ದ ಗಂಡುಹೆಸರುಗಳು 20ಕ್ಕಿಂತ ಕಡಿಮೆ, ಆದ್ದರಿಂದಲೇ ಶಾಸನಗಳಲ್ಲಿ ಒಂದೆರಡು ಅಕ್ಷರ ಕೆತ್ತಿದರೆ ಸಾಕಾಗುತ್ತಿತ್ತು.

ಇಷ್ಟು ಗಟ್ಟಿಯಾದ ವ್ಯವಸ್ಥೆ ಮುರಿದು ಬಿದ್ದದ್ದು ಹೇಗೆಂಬುದೇ ನನಗೆ ಹೆಚ್ಚು ಮುಖ್ಯ. ಕ್ರಿಸ್ತಶಕ 212ರಲ್ಲಿ ಕರಕಲ್ಲ ಚಕ್ರವರ್ತಿ ಸಾಮ್ರಾಜ್ಯದ ಬಹುತೇಕ ಎಲ್ಲ ಸ್ವತಂತ್ರ ಪ್ರಜೆಗಳಿಗೂ ಪೌರತ್ವ ಕೊಟ್ಟ. ಪೌರತ್ವ ಕೊಟ್ಟವನ ಕುಲನಾಮವನ್ನು ಪಡೆದವನು ಧರಿಸುವುದು ವಾಡಿಕೆ. ಕರಕಲ್ಲನ ಅಧಿಕೃತ ಕುಲನಾಮ ಆರೇಲಿಯಸ್. ಈಜಿಪ್ಟಿನಿಂದ ಹಿಡಿದು ಎಲ್ಲೆಲ್ಲೂ ಲೆಕ್ಕವಿಲ್ಲದಷ್ಟು ಜನ ಆರೇಲಿಯಸ್ಸರಾದರು. ಎಲ್ಲರ ಹೆಸರಿನಲ್ಲೂ ಇರುವ ಹೆಸರು ಯಾರನ್ನೂ ಗುರುತಿಸದು. ಮುಂದಿನ ಶತಮಾನಗಳಲ್ಲಿ ಆ ಪದ್ಧತಿ ಸವೆದು, ಪಶ್ಚಿಮ ಯೂರೋಪು ಮತ್ತೆ ಒಂಟಿ ಹೆಸರಿಗೆ ಮರಳಿತು. ಅಂದರೆ ಕುಲನಾಮ ಒಮ್ಮೆ ಬಂದು, ಹೋಗಿ, ಮತ್ತೆ ಬಂದದ್ದು.

ಇನ್ನೂ ಹಿಂದಕ್ಕೆ ಹೋದರೆ, ಕ್ರಿಸ್ತಪೂರ್ವ ಆರನೆಯ ಶತಮಾನದ ಬ್ಯಾಬಿಲೋನಿನ ಜೇಡಿಮಣ್ಣಿನ ಫಲಕಗಳಲ್ಲಿ ಪ್ರತಿಷ್ಠಿತರು ಮೂರು ಹೆಜ್ಜೆಗಳಲ್ಲಿ ತಮ್ಮನ್ನು ಹೇಳಿಕೊಳ್ಳುತ್ತಾರೆ: ತನ್ನ ಹೆಸರು, ತಂದೆಯ ಹೆಸರು, ಮೂಲಪುರುಷನ ಹೆಸರು. ವ್ಯಾಪಾರದಲ್ಲಿ ಹೆಸರು ಮಾಡಿದ ಎಗಿಬಿ ಮನೆತನದವರೆಲ್ಲ ಹೀಗೆ ಎಗಿಬಿಯ ಸಂತತಿ. ಚೀನಾದಲ್ಲಂತೂ ಕುಲನಾಮ ಎರಡು ಸಾವಿರ ವರ್ಷಗಳಿಗೂ ಹಿಂದಿನದು. ಕನ್‌ಫ್ಯೂಷಿಯಸ್ ಎಂದು ನಾವು ಕರೆಯುವವನ ಕುಲನಾಮ ಕೊಂಗ್, ಇಟ್ಟ ಹೆಸರು ಚಿಯು. ‘ಆಧುನಿಕ’ ಎಂಬ ಮಾತನ್ನು ಕುಲನಾಮದ ಹಿಂದೆ ಅಂಟಿಸುವಾಗ ನಾವು ಯೂರೋಪಿನ ಗಡಿಯಾರವನ್ನೇ ಎಲ್ಲರ ಗೋಡೆಗೂ ನೇತುಹಾಕುತ್ತಿದ್ದೇವೆ.

ಹಳೆಯಕಡತ:

ತಕರಾರು ನ್ಯಾಯವಾದದ್ದು, ಗೆರೆಯನ್ನು ಅಳಿಸಿಬಿಡೋಣ. ಆದರೆ ನಿಮ್ಮ ಆರೇಲಿಯಸ್ಸರು ನನ್ನ ಮಾತನ್ನು ಅಲ್ಲಗಳೆಯುವುದಕ್ಕಿಂತ ಹೆಚ್ಚಾಗಿ ಬೆಂಬಲಿಸುತ್ತಾರೆ. ಕರೆಯುವವರಿಗೆ ಉಪಯೋಗವಿಲ್ಲದಾಗ ಹೆಸರು ಉದುರಿಹೋಗುತ್ತದೆ, ಅಧಿಕಾರ ಅದನ್ನು ಕೊಟ್ಟಿದ್ದರೂ ಸಹ.

ಇನ್ನೊಂದು ಉದಾಹರಣೆಯನ್ನು ಅಥೆನ್ಸಿನಿಂದ ಕೊಡುತ್ತೇನೆ, ಏಕೆಂದರೆ ಅಲ್ಲಿ ವಿವರಣೆ ಸುಳ್ಳಾಗುವ ಗಳಿಗೆ ಕಾನೂನಿನಿಂದಲೇ ಹುಟ್ಟಿತು. ಕ್ರಿಸ್ತಪೂರ್ವ 508ರ ಸುಮಾರಿಗೆ ಕ್ಲೈಸ್ಥನೀಸ್ ನಾಡನ್ನು ‘ಡೀಮ್’ ಎಂಬ ಸಣ್ಣ ಘಟಕಗಳಾಗಿ ವಿಂಗಡಿಸಿದ. ಹೊಸದಾಗಿ ಪೌರರಾದವರು ತಂದೆಯ ಹೆಸರು ಹೇಳಿದ ಕೂಡಲೇ ಅವರ ಮೂಲ ಬಯಲಾಗುತ್ತಿತ್ತು. ಅದಾಗದಿರಲೆಂದು ಜನ ಡೀಮಿನ ಹೆಸರಿನಿಂದ ಒಬ್ಬರನ್ನೊಬ್ಬರು ಕರೆಯಲಿ ಎಂಬುದು ಅವನ ಉದ್ದೇಶವಾಗಿತ್ತೆಂದು ಅರಿಸ್ಟಾಟಲನ ಪರಂಪರೆಯ ಬರಹ ಹೇಳುತ್ತದೆ. ಜನ ಹಳೆಯದನ್ನು ಬಿಡಲಿಲ್ಲ, ಹೊಸದನ್ನು ಸೇರಿಸಿಕೊಂಡರು. ವಾಗ್ಮಿ ಡೆಮಾಸ್ಥನೀಸ್‌ನ ಪೂರ್ತಿ ಹೆಸರು ‘ಡೆಮಾಸ್ಥನೀಸನ ಮಗ ಪಯಾನಿಯದ ಡೆಮಾಸ್ಥನೀಸ್’. ತಂದೆಮಗನಿಗೆ ಒಂದೇ ಹೆಸರು. ಗಡೀಪಾರಿನ ಮತಕ್ಕಾಗಿ ಮಡಕೆಚೂರುಗಳ ಮೇಲೆ ಗೀಚಿದ ಹೆಸರುಗಳಲ್ಲೂ ಇದೇ ಕಾಣುತ್ತದೆ. ‘ನಿಯೋಕ್ಲೀಸನ ಮಗ ಥೆಮಿಸ್ಟೋಕ್ಲೀಸ್’ ಎಂಬಂಥ ಚೂರುಗಳು ಉತ್ಖನನದಲ್ಲಿ ರಾಶಿಯಾಗಿ ದೊರೆತಿವೆ. ಯಾರನ್ನು ಹೊರಹಾಕಬೇಕೆಂಬುದರಲ್ಲಿ ಯಾರಿಗೂ ಗೊಂದಲ ಬೇಕಿರಲಿಲ್ಲ!

ಡೀಮ್ ವಿಳಾಸವಾಗಿಯೇ ಉಳಿಯಲಿಲ್ಲ ಎಂಬುದು ಇಲ್ಲಿನ ಮುಖ್ಯ ಸಂಗತಿ. ಮೊಮ್ಮಗ ನಗರದ ಇನ್ನೊಂದು ತುದಿಗೆ ಬಂದು ನೆಲೆಸಿದರೂ ಅಜ್ಜನ ಡೀಮೇ ಅವನದು. ಊರು ಬಿಟ್ಟವನಿಗೆ ಊರಿನ ಹೆಸರು ವಂಶದ ಹೆಸರಾಗಿ ಅಂಟಿಕೊಂಡಿತು.

ದೂರದ ಓದುಗ:

ಅರಬ್ಬೀ ಹೆಸರುಗಳನ್ನು ಯಾರೂ ಮುಟ್ಟದಿರುವುದರಿಂದ ನಾನು ಬಾಯಿ ಹಾಕುತ್ತಿದ್ದೇನೆ. ಅಲ್ಲಿನ ಹಳೆಯ ಪದ್ಧತಿಯಲ್ಲಿ ಹೆಸರು ಒಂದು ಪದವಲ್ಲ, ಮನುಷ್ಯನ ಸುತ್ತ ಹಾಕಿದ ಬೇಲಿ. ಇಟ್ಟ ಹೆಸರು ‘ಇಸ್ಮ್’. ಅದರ ಹಿಂದೆ ‘ಇಂಥವನ ತಂದೆ’ ಎನ್ನುವ ‘ಕುನ್ಯಾ’. ಮುಂದೆ ‘ಇಂಥವನ ಮಗ, ಅವನು ಇಂಥವನ ಮಗ’ ಎಂದು ಬೆಳೆಯುವ ‘ನಸಬ್’. ಊರು, ಬುಡಕಟ್ಟು ಅಥವಾ ಪಂಥವನ್ನು ಸೂಚಿಸುವ ‘ನಿಸ್ಬಾ’. ಇವುಗಳ ಜೊತೆ ಬಿರುದೋ ಕೀಟಲೆಯೋ ಆಗಬಹುದಾದ ‘ಲಕಬ್’. ಬಸ್ರಾದ ಮಹಾ ಗದ್ಯಲೇಖಕ ಅಲ್ ಜಾಹಿಜ್‌ನ ಹೆಸರಿನ ಅರ್ಥವೇ ಕಣ್ಣುಗುಡ್ಡೆ ಮುಂದೆ ಚಾಚಿದವನು ಎಂದು.

ಮಗುವಿನಿಂದ ತಂದೆಗೆ ಹೆಸರು ಬರುವ ಕುನ್ಯಾ ಪದ್ಧತಿಯನ್ನು ಒಂದು ಕ್ಷಣ ನಿಂತು ಯೋಚಿಸಬೇಕು. ಬೇರೆ ಕಡೆ ಹೆಸರು ಮೇಲಿನಿಂದ ಕೆಳಗೆ ಹರಿಯುತ್ತದೆ, ಇಲ್ಲಿ ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ. ಅದು ಕೆಲವೊಮ್ಮೆ ನಿಜವಾದ ಮಗುವನ್ನೂ ಬೇಡುವುದಿಲ್ಲ. ಪ್ರವಾದಿಯವರ ಒಡನಾಡಿ ಅಬೂ ಹುರೈರಾ ಎಂದರೆ ಬೆಕ್ಕಿನಮರಿಯ ತಂದೆ.

ಈ ಬೇಲಿಯ ಒಂದೇ ಗೂಟವನ್ನು ಕಿತ್ತು ‘ಇದೇ ಇವನ ಕುಲನಾಮ’ ಎಂದುಕೊಂಡವರು ಹೊರಗಿನವರು. ವೈದ್ಯ ಇಬ್ನ್ ಸೀನಾನ ಪೂರ್ತಿ ಹೆಸರು ಅಬೂ ಅಲೀ ಅಲ್ ಹುಸೈನ್ ಇಬ್ನ್ ಅಬ್ದುಲ್ಲಾ ಇಬ್ನ್ ಅಲ್ ಹಸನ್ ಇಬ್ನ್ ಅಲೀ ಇಬ್ನ್ ಸೀನಾ. ಸೀನಾ ಅವನ ತಂದೆಯಲ್ಲ, ತಾತನೂ ಅಲ್ಲ. ನಾಲ್ಕು ತಲೆಮಾರು ಮೇಲಿನವನು. ಯೂರೋಪು ಅದನ್ನು ಅವಿಸೆನ್ನಾ ಎಂದು ಮಾಡಿಕೊಂಡಿತು. ಗಣಿತಜ್ಞ ಮುಹಮ್ಮದ್ ಇಬ್ನ್ ಮೂಸಾನ ನಿಸ್ಬಾ ಅಲ್ ಖ್ವಾರಿಜ್ಮೀ, ಅಂದರೆ ಖ್ವಾರಿಜ್ಮ್ ಸೀಮೆಯವನು. ಅದು ಲ್ಯಾಟಿನ್ನಿಗೆ ಹೋಗಿ, ತಿರುಚಿಕೊಂಡು, ಇಂದು ಅಲ್ಗಾರಿದಮ್ ಎಂಬ ಪದವಾಗಿ ನಿಂತಿದೆ. ಲಿಯೊನಾರ್ಡೋಗೂ ಆದದ್ದು ಇದೇ. ಅವನು ಸೆರ್ ಪಿಯೆರೋನ ಮಗ, ವಿಂಚಿ ಎಂಬ ಊರಿನವನು. ‘ಡಾ ವಿಂಚಿ’ ಎಂದಷ್ಟೇ ಅವನನ್ನು ಕರೆದರೆ ಊರನ್ನು ಕರೆದಂತೆ, ಮನುಷ್ಯನನ್ನಲ್ಲ.

ಕುತೂಹಲಿ:

ಎಲ್ಲರಿಗೂ ಕೃತಜ್ಞ. ಈಗ ನನಗೆ ಹೊಳೆದ ಮುಂದಿನ ಪ್ರಶ್ನೆ ಇದು. ಕರೆಯುವವರಿಗೆ ಇಷ್ಟು ಹಗುರವಾಗಿ ಒದಗುತ್ತಿದ್ದ ಹೆಸರನ್ನು ಜನ ತಾವಾಗಿಯೇ ಗಟ್ಟಿ ಮಾಡಿಕೊಂಡರೇ, ಅಥವಾ ಸರಕಾರಗಳು ಗಟ್ಟಿ ಮಾಡಿಸಿದವೇ?

ಸಂದೇಹಿ:

ಸರಕಾರವೆಂದು ಹೇಳಿ ಕೈ ತೊಳೆದುಕೊಳ್ಳುವುದು ಈಗಿನ ಫ್ಯಾಷನ್. ಐರ್ಲೆಂಡನ್ನು ನೋಡಿ. ‘ಓ’ ಎಂದರೆ ಮೊಮ್ಮಗ ಅಥವಾ ವಂಶಜ, ‘ಮ್ಯಾಕ್’ ಎಂದರೆ ಮಗ. 1014ರಲ್ಲಿ ಯುದ್ಧದಲ್ಲಿ ಸತ್ತ ದೊರೆ ಬ್ರಿಯನ್ ಬೊರುವಿಗೆ ಕುಲನಾಮವಿರಲಿಲ್ಲ; ಅವನ ವಂಶಜರು ಓಬ್ರಿಯನ್ನರಾದರು. ಜನನ ಮರಣ ಬರೆದಿಡುವ ಯಾವ ಕಚೇರಿಯೂ ಅವರನ್ನು ಕೇಳಿರಲಿಲ್ಲ. ಬ್ರಿಯನ್ನನ ರಕ್ತ ತಮ್ಮದೆಂದು ಸಾರಿದರೆ ಅಧಿಕಾರಕ್ಕೂ ಭೂಮಿಗೂ ಹಕ್ಕು ಸಾಧಿಸಬಹುದಿತ್ತು, ಅಷ್ಟೇ. ಪಡೆಯುವುದಿದ್ದವರು ಕುಲನಾಮವನ್ನು ಬೇಗ ಹಿಡಿದುಕೊಂಡರು. ಕೊಡುವುದು ಮಾತ್ರ ಇದ್ದವರು ಸಾಧ್ಯವಾದಷ್ಟು ಕಾಲ ತಪ್ಪಿಸಿಕೊಂಡರು.

ಹಳೆಯಕಡತ:

ಕೊನೆಯ ವಾಕ್ಯಕ್ಕೆ ನನ್ನ ಪೂರ್ಣ ಸಮ್ಮತಿಯಿದೆ, ಮತ್ತು ಆ ಎರಡನೆಯ ಗುಂಪಿನ ಕಥೆಯಲ್ಲಿ ಸರಕಾರವನ್ನು ಬಿಟ್ಟು ಮಾತಾಡಲು ಬರುವುದಿಲ್ಲ. ಇಂಗ್ಲೆಂಡಿನಲ್ಲಿ 1538ರಿಂದ ಪ್ರತಿ ಚರ್ಚಿನಲ್ಲೂ ನಾಮಕರಣ, ಮದುವೆ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆಯಬೇಕೆಂಬ ಆಜ್ಞೆ ಬಂತು. ಪುಸ್ತಕಕ್ಕೆ ಮಾತಿನ ಸಲಿಗೆ ಇಲ್ಲ, ‘ಯಾವ ರಾಬರ್ಟ್?’ ಎಂದು ತಿರುಗಿ ಕೇಳಲು ಬರುವುದಿಲ್ಲ. ಒಮ್ಮೆ ಬರೆದದ್ದು ಮುಂದಿನ ಸಲ ಹೋಲಿಸಿ ನೋಡಲು ಸಿಗುತ್ತದೆ, ಹೀಗಾಗಿ ಹೆಸರು ಬರೆದ ರೂಪಕ್ಕೆ ಹೊಂದಿಕೊಳ್ಳತೊಡಗುತ್ತದೆ.

ವೇಲ್ಸಿನಲ್ಲಿ ‘ಅಪ್’ ಎಂದರೆ ಮಗ. ತಲೆಮಾರಿಗೊಮ್ಮೆ ಬದಲಾಗಬೇಕಾಗಿದ್ದ ಆ ಪದ ಇಂಗ್ಲಿಷ್ ಆಡಳಿತದ ಕಾಗದಗಳಲ್ಲಿ ಹೆಪ್ಪುಗಟ್ಟಿತು: ಅಪ್ ರೀಸ್ ಎಂಬುದು ಪ್ರೈಸ್ ಆಯಿತು, ಅಪ್ ಹವೆಲ್ ಎಂಬುದು ಪವೆಲ್, ಅಬ್ ಓವೈನ್ ಎಂಬುದು ಬೋವೆನ್. ಸ್ಪೇನಿನ ವೀರ ಎಲ್ ಸಿದ್‌ನ ಹೆಸರು ರೋದ್ರಿಗೊ ದಿಯಾಸ್, ಅಂದರೆ ದಿಯೇಗೊನ ಮಗ. ತಂದೆ ದಿಯೇಗೊ ಲಾಯಿನೆಸ್, ಅಂದರೆ ಲಾಯಿನ್‌ನ ಮಗ. 1099ರಲ್ಲಿ ಸತ್ತ ಅವನವರೆಗೆ ಈ ಸರಪಣಿ ಜೀವಂತವಾಗಿತ್ತು. ಇಂದು ದಿಯಾಸ್ ಎಂಬ ಹೆಸರಿನವರ ತಂದೆ ದಿಯೇಗೊ ಆಗಿರಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ.

ಆದರೆ ನಿಜವಾಗಿ ವಿಚಿತ್ರವಾದದ್ದು ಫಿಲಿಪ್ಪೀನ್ಸಿನ ಕಥೆ. ಅಲ್ಲಿ ಕ್ರೈಸ್ತರಾದ ಅನೇಕರು ‘ದೆ ಲಾ ಕ್ರೂಸ್’, ‘ದೆ ಲೊಸ್ ಸಾಂತೊಸ್’ ಎಂಬಂಥ ಭಕ್ತಿಯ ಹೆಸರುಗಳನ್ನೇ ಇಟ್ಟುಕೊಂಡಿದ್ದರು. ಒಂದೇ ಮನೆಯ ಅಣ್ಣತಮ್ಮಂದಿರಿಗೂ ಬೇರೆ ಬೇರೆ ಎರಡನೆಯ ಹೆಸರು ಇರುತ್ತಿತ್ತು. ಇದರಿಂದ ಕಂದಾಯದ ಲೆಕ್ಕವೂ ನ್ಯಾಯದಾನವೂ ಹಳಿ ತಪ್ಪುತ್ತಿವೆ ಎಂದು 1849ರ ನವೆಂಬರ್ 21ರಂದು ಅಲ್ಲಿನ ಸ್ಪ್ಯಾನಿಷ್ ಗವರ್ನರ್ ಜನರಲ್ ನಾರ್ಸಿಸೊ ಕ್ಲವೇರಿಯಾ ಆಜ್ಞೆ ಹೊರಡಿಸಿ, ಅಕಾರಾದಿಯಾಗಿ ಜೋಡಿಸಿದ ಸಾವಿರಾರು ಕುಲನಾಮಗಳ ಪಟ್ಟಿಯನ್ನು ಪ್ರಾಂತಗಳಿಗೆ ಹಂಚಿಸಿದ. ಪಟ್ಟಿಯ ಹಾಳೆಗಳನ್ನು ಊರೂರಿಗೆ ಬಿಡಿಸಿ ಕೊಟ್ಟ ಕಡೆ, ಊರಿಗೆ ಊರೇ ಒಂದೇ ಅಕ್ಷರದಿಂದ ಶುರುವಾಗುವ ಕುಲನಾಮಗಳನ್ನು ಹೊತ್ತುಕೊಂಡಿತು. ನನ್ನ ಒರೆಗಲ್ಲಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಇಲ್ಲಿ ಹೆಸರು ಸುಳ್ಳಾಗಲು ಮೂರು ತಲೆಮಾರು ಕಾಯಬೇಕಾಗಲಿಲ್ಲ. ಕೊಟ್ಟ ದಿನವೇ ಅದು ಹೊತ್ತವನ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ, ಯಾವ ಹಾಳೆ ಯಾವ ಊರಿಗೆ ಹೋಯಿತು ಎಂಬುದರ ಹೊರತು.

ನೆದರ್ಲೆಂಡ್ಸಿನಲ್ಲಿ 1811ರಲ್ಲಿ, ಟರ್ಕಿಯಲ್ಲಿ 1934ರಲ್ಲಿ ಕಾನೂನು ಬಂತು. ಟರ್ಕಿಯಲ್ಲಿ ಶಾಲೆಯ ಗುರುವಿನಿಂದ ‘ಕೆಮಾಲ್’ ಎಂಬ ಎರಡನೆಯ ಹೆಸರು ಪಡೆದಿದ್ದ ಮುಸ್ತಫಾನಿಗೆ ಸಂಸತ್ತು ‘ಅತಾತುರ್ಕ್’ ಎಂಬ ಕುಲನಾಮ ಕೊಟ್ಟಿತು. ಸೇನಾನಿ ಇಸ್ಮೆತ್ ತಾನು ಕಾದಿದ ರಣಭೂಮಿಯ ಹೆಸರಿನಿಂದ ಇನೊನು ಆದ. ಥಾಯ್ಲೆಂಡಿನಲ್ಲಿ 1913ರ ಕಾನೂನಿನ ನಂತರ ದೊರೆ ವಜಿರಾವುಧ್ ಸಾವಿರಾರು ಮನೆತನಗಳಿಗೆ ತಾನೇ ಹೆಸರು ಕಟ್ಟಿಕೊಟ್ಟ. ಜಪಾನಿನ ಸಾಮಾನ್ಯರಿಗೆ 1875ಕ್ಕೆ ಮೊದಲು ಕುಲನಾಮವೇ ಇರಲಿಲ್ಲ.

ದೂರದ ಓದುಗ:

ಕೊನೆಯ ವಾಕ್ಯಕ್ಕೊಂದು ತಿದ್ದುಪಡಿ. ಜಪಾನಿನ ರೈತರಲ್ಲಿ ಅನೇಕರಿಗೆ ಮನೆತನದ ಹೆಸರು ಇತ್ತು. ಅದನ್ನು ಅಧಿಕೃತವಾಗಿ, ಬಹಿರಂಗವಾಗಿ ಬಳಸುವ ಹಕ್ಕು ಇರಲಿಲ್ಲ. 1870ರಲ್ಲಿ ಅನುಮತಿ ಸಿಕ್ಕಿತು, 1875ರಲ್ಲಿ ಕಡ್ಡಾಯವಾಯಿತು. ಇಲ್ಲದಿರುವುದು ಬೇರೆ, ಹೇಳಿಕೊಳ್ಳಲಾಗದಿರುವುದು ಬೇರೆ.

ಇನ್ನು ಕುಲನಾಮವನ್ನು ಸರಕಾರ ಕೊಟ್ಟಂತೆ ಕಿತ್ತುಕೊಂಡದ್ದೂ ಉಂಟು. ಮಂಗೋಲಿಯಾದಲ್ಲಿ 1920ರ ದಶಕದಲ್ಲಿ ಕುಲದ ಹೆಸರುಗಳ ಬಳಕೆಯನ್ನು ನಿಷೇಧಿಸಿದರು. ಎಪ್ಪತ್ತು ವರ್ಷಗಳ ನಂತರ ಮತ್ತೆ ಕುಲನಾಮ ಬರೆಸಿ ಎಂದಾಗ ಎಷ್ಟೋ ಮನೆಗಳಲ್ಲಿ ನೆನಪೇ ಉಳಿದಿರಲಿಲ್ಲ. ಬಹಳ ಜನ ಚಂಗೀಸ್ ಖಾನನ ಕುಲವಾದ ಬೋರ್ಜಿಗಿನ್ ಎಂಬುದನ್ನೇ ಆರಿಸಿಕೊಂಡರು, ಅದು ಸಂದೇಹಿ ಅವರ ಆರೇಲಿಯಸ್ಸರ ಕಥೆಯಂತಾಯಿತು. 1981ರಲ್ಲಿ ಬಾಹ್ಯಾಕಾಶಕ್ಕೆ ಹೋಗಿಬಂದ ಗುರ್ರಾಗ್ಚಾ ಮಾತ್ರ ‘ಸನ್ಸಾರ್’ ಎಂದು ಬರೆಸಿದರು. ಆ ಪದಕ್ಕೆ ಬ್ರಹ್ಮಾಂಡ ಎಂದರ್ಥ.

ಅಪತ್ಯಪ್ರತ್ಯಯ:

ಜೋನಳ ಪ್ರಶ್ನೆ ಇನ್ನೂ ಬಾಕಿ ಇದೆ, ಮತ್ತು ಅದು ಹೆಣ್ಣುಮಕ್ಕಳ ಪ್ರಶ್ನೆ ಎಂಬುದನ್ನು ನಾವು ಮರೆತಂತಿದೆ. ಇಲ್ಲಿಯವರೆಗಿನ ಉದಾಹರಣೆಗಳೆಲ್ಲ ಹೆಚ್ಚುಕಡಿಮೆ ಗಂಡಸರವೇ. ರೋಮಿನಲ್ಲಿ ಮಗಳಿಗೆ ಬಹುಮಟ್ಟಿಗೆ ಕುಲನಾಮದ ಸ್ತ್ರೀರೂಪವೇ ಹೆಸರು. ಟುಲ್ಲಿಯಸ್‌ನ ಮಗಳು ಟುಲ್ಲಿಯಾ. ಮಾರ್ಕ್ ಆಂಟೊನಿಗೆ ಆಕ್ಟೇವಿಯಾಳಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಬ್ಬರೂ ಆಂಟೋನಿಯಾ, ಒಬ್ಬಳು ಹಿರಿಯಳು, ಇನ್ನೊಬ್ಬಳು ಕಿರಿಯಳು. ಅವಳನ್ನು ಅವಳೆಂದು ಗುರುತಿಸುವ ಅಗತ್ಯ ಮನೆಯಾಚೆ ಯಾರಿಗೂ ಬೀಳಲಾರದೆಂಬ ನಂಬಿಕೆ ಆ ಹೆಸರುಗಳಲ್ಲೇ ಅಡಗಿದೆ. ಇದಕ್ಕೆ ತದ್ವಿರುದ್ಧವಾಗಿ ಐಸ್‌ಲೆಂಡಿನಲ್ಲಿ ಇಂದಿಗೂ ಹೆಚ್ಚಿನವರಿಗೆ ಕುಲನಾಮವಿಲ್ಲ; 1980ರಲ್ಲಿ ಅಧ್ಯಕ್ಷೆಯಾಗಿ ಆಯ್ಕೆಯಾದ ವಿಗ್ದಿಸ್ ಫಿನ್‌ಬೋಗಾದೊತ್ತಿರ್ ಎಂದರೆ ಫಿನ್‌ಬೋಗಿಯ ಮಗಳು ವಿಗ್ದಿಸ್. ಮದುವೆಯಾದರೂ ಅವರ ಹೆಸರು ಬದಲಾಗುವುದಿಲ್ಲ, ಯಾರ ಮಗಳೆಂಬುದು ಮದುವೆಯಿಂದ ಬದಲಾಗುವ ಸಂಗತಿಯಲ್ಲವಷ್ಟೆ. ದೂರವಾಣಿ ಪುಸ್ತಕವನ್ನೂ ಅಲ್ಲಿ ಇಟ್ಟ ಹೆಸರಿನ ಅನುಕ್ರಮದಲ್ಲೇ ಜೋಡಿಸುತ್ತಿದ್ದರು.

ಜೋನಳ ಮನೆಗೆ ಬರೋಣ. ತಂದೆ ಝಾಕ್‌ಗೆ ದಾರ್ಕ್ ಎಂಬ ಹೆಸರು. ತಾಯಿ ಇಸಬೆಲ್‌ಗೆ ರೊಮೇ ಎಂಬ ಹೆಸರು, ರೋಮಿನ ಯಾತ್ರೆಯಿಂದ ಅದು ಬಂದಿರಬೇಕೆಂದು ಸಾಮಾನ್ಯವಾಗಿ ವಿವರಿಸುತ್ತಾರೆ. 1429ರ ಡಿಸೆಂಬರಿನಲ್ಲಿ ದೊರೆ ಆ ಕುಟುಂಬಕ್ಕೆ ಕುಲೀನ ಪದವಿ ಕೊಟ್ಟ ಮೇಲೆ ಅಣ್ಣತಮ್ಮಂದಿರು ‘ದು ಲೀಸ್’ ಎಂದು ಕರೆಸಿಕೊಂಡರು. ಅವಳು ಮಾತ್ರ ತನ್ನ ಪ್ರಸಿದ್ಧಿಯ ಉದ್ದಕ್ಕೂ ಪತ್ರಗಳಲ್ಲಿ ತನ್ನನ್ನು ಕರೆದುಕೊಂಡದ್ದು ‘ಲಾ ಪುಸೆಲ್’, ಅಂದರೆ ಕನ್ಯೆ, ಎಂದು. ಒಂದೇ ಮನೆಯಲ್ಲಿ ನಾಲ್ಕು ಹೆಸರು. ಊರಿನಲ್ಲಿ ಝಾನೆಟ್ ಎಂದರೆ ಸಾಕಾಗಿತ್ತು. ಸೈನ್ಯದಲ್ಲಿ ಪುಸೆಲ್ ಎಂದರೆ ಸಾಕಾಗಿತ್ತು. ಇವೆರಡರ ಆಚೆ ಇನ್ನೊಂದು ಹೆಸರು ಬೇಕೆಂದು ಮೊದಲ ಬಾರಿಗೆ ಕೇಳಿದವರು ನ್ಯಾಯಾಧೀಶರು. ಆದ್ದರಿಂದ ‘ತಿಳಿಯದು’ ಎಂಬ ಉತ್ತರದಲ್ಲಿ ಅಜ್ಞಾನವನ್ನಾಗಲಿ ಜಾಣತನವನ್ನಾಗಲಿ ನಾನು ಕಾಣುವುದಿಲ್ಲ. ತಿಂಗಳ ನಂತರದ ‘ದಾರ್ಕ್ ಅಥವಾ ರೊಮೇ’ ಎಂಬುದು ಕೇಳಿದವರ ಖಾನೆಯನ್ನು ತುಂಬಲು ಅವಳು ಹುಡುಕಿ ಕೊಟ್ಟ ಉತ್ತರ.

ಕುತೂಹಲಿ:

ಹಾಗಿದ್ದರೆ ಜೋನ್ ಆಫ್ ಆರ್ಕ್ ಎಂಬ ಹೆಸರು ಎಲ್ಲಿಂದ ಬಂತು?

ಅಪತ್ಯಪ್ರತ್ಯಯ:

ಅವಳು ಸತ್ತ ಸುಮಾರು 25 ವರ್ಷಗಳ ನಂತರ, 1455 ಮತ್ತು 1456ರಲ್ಲಿ, ಮೊದಲ ತೀರ್ಪನ್ನು ರದ್ದುಪಡಿಸಲು ನಡೆದ ಮರುವಿಚಾರಣೆಯ ಕಾಗದಗಳಲ್ಲಿ ಅವಳನ್ನು ತಂದೆಯ ಹೆಸರಿನೊಂದಿಗೆ ಬರೆದರು. ಆ ಮರುವಿಚಾರಣೆಯಲ್ಲಿ ನ್ಯಾಯ ಕೇಳಿ ಬಂದವಳು ಅವಳ ತಾಯಿ ಇಸಬೆಲ್ ರೊಮೇ.